ನೂರಾ ಎಂಬತ್ತಕ್ಕೆ ಒಂದು

ಕೋಠಿ ಅಂದರೆ ದೊಡ್ಡ ಬಂಗಲೆ. ಬ್ರಿಟಿಷ್ ರೆಸಿಡೆಂಟರು ಇದ್ದ ಬಂಗಲೆ ಮುಂದೆ ಮಹಿಳಾ ಕಾಲೇಜಾಯಿತು, ಸುತ್ತಲಿನ ಬಜಾರಿಗೆ ಅದರ ಹೆಸರು ಅಂಟಿಕೊಂಡಿತು. ನಾನು ಕೆಲಸ ಮಾಡುವುದು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ, ಒಂದು ಟೇಬಲ್ಲು ಮೂರು ಕುರ್ಚಿ ಹಿಡಿಯುವ ಖೋಲಿಯಲ್ಲಿ. ಬಾಗಿಲ ಮೇಲೆ ‘ಜೆನೆಟಿಕ್ ಕೌನ್ಸೆಲಿಂಗ್’ ಎಂದು ಬರೆದಿದೆ. ಬಂದವರಲ್ಲಿ ಅರ್ಧ ಜನ ಅದನ್ನು ಓದಿ, ‘ಬಿಲ್ ಇಲ್ಲೇ ಕಟ್ಟೂದೇನ್ರೀ?’ ಎಂದು ಕೇಳುತ್ತಾರೆ.

ನಾನು ಭಾಲ್ಕಿ ಕಡೆಯವಳು. ನರ್ಸಿಂಗ್ ಓದಿ, ಆಮೇಲೆ ಈ ಕೆಲಸ ಕಲಿತು, ಹದಿನೆಂಟು ವರ್ಷದಿಂದ ಇದೇ ಖೋಲಿಯಲ್ಲಿ ಕೂತಿದ್ದೇನೆ. ಬೀದರ, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದೊಳಗೇ ಇದ್ದವು. ಗಡಿ ಸರಿದು ಎರಡು ತಲೆಮಾರಾದರೂ ನಮ್ಮ ಕಡೆಯವರಿಗೆ ದೊಡ್ಡ ದವಾಖಾನೆ ಅಂದರೆ ಇವತ್ತಿಗೂ ಹೈದರಾಬಾದೇ. ನಸುಕಿನ ಬಸ್ಸು ಹತ್ತಿ ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಇಳಿದು ಆಟೋ ಹಿಡಿದರೆ ಹತ್ತು ನಿಮಿಷಕ್ಕೆ ಕೋಠಿ. ಕಾಚಿಗೂಡದ ನೃಪತುಂಗ ಶಾಲೆಯಲ್ಲಿ ಓದಿದ ಇಲ್ಲಿನ ಕನ್ನಡದವರೂ ಬರುತ್ತಾರೆ. ಕಾರಿಡಾರಿನಲ್ಲಿ ಕನ್ನಡ ಕೇಳಿಸಿದರೆ ರಿಸೆಪ್ಷನ್ ಹುಡುಗಿ ‘ಅಕ್ಕಾ, ಮೀ ವಾಳ್ಳು’ (ನಿಮ್ಮವರು) ಎಂದು ನನ್ನನ್ನು ಕೂಗುತ್ತಾಳೆ. ಈ ಕೆಳಗಿನದು ಆ ಕುರ್ಚಿಯಲ್ಲಿ ಕೂತು ಕಲಿತದ್ದು. ಹೆಸರು ಯಾರದ್ದೂ ಇಲ್ಲ, ಗುರುತು ಸಿಗುವಂಥದ್ದನ್ನು ಬದಲಿಸಿದ್ದೇನೆ.

1. ರಕ್ತ ಕೊಡುವ ಮುಂಚೆ ಮಾತಾಡಿ

ಕಾರಿಡಾರಿನಲ್ಲಿ ಕೂತ ಬಸುರಿಯರನ್ನು ‘ಯಾತಕ್ಕ ರಕ್ತ ಕೊಟ್ರಿ?’ ಎಂದು ಕೇಳಿ ನೋಡಿ. ಶುಗರ್ರು, ಥೈರಾಯ್ಡು, ‘ಮೈಯಾಗ ರಕ್ತ ಕಡಿಮಿ ಅದಂತ’ – ಇವೇ ಉತ್ತರ. ಅದೇ ಸೂಜಿಯಿಂದ ತೆಗೆದ ಇನ್ನೊಂದು ಟ್ಯೂಬು ಮಗುವಿನ ಕ್ರೋಮೋಸೋಮು ದೋಷದ ಸಂಭವ ಹೇಳುವ ಡಬಲ್ ಮಾರ್ಕರ್ ಪರೀಕ್ಷೆಗೆ ಹೋಗಿರುತ್ತದೆ. ಅದು ಅವರಿಗೆ ಗೊತ್ತಿರುವುದಿಲ್ಲ. ಶುಗರ್ ಹೆಚ್ಚಿದ್ದರೆ ಪಥ್ಯ ಇದೆ, ಇನ್ಸುಲಿನ್ ಇದೆ. ಮಗುವಿನ ಜೀವಕೋಶಗಳಲ್ಲಿ 21ನೇ ಕ್ರೋಮೋಸೋಮು ಎರಡರ ಬದಲು ಮೂರಿದ್ದರೆ, ಅಂದರೆ ಡೌನ್ ಸಿಂಡ್ರೋಮ್ ಇದ್ದರೆ, ಅದನ್ನು ಎರಡಕ್ಕಿಳಿಸುವ ಮದ್ದಿಲ್ಲ. ಈ ಪರೀಕ್ಷೆಯ ತುದಿಯಲ್ಲಿ ಇರುವುದು ಔಷಧಿ ಚೀಟಿಯಲ್ಲ, ಒಂದು ತೀರ್ಮಾನ. ಅದಕ್ಕೇ ನಾನು ಮೊದಲು ಕೇಳುವ ಪ್ರಶ್ನೆ: ಹೀಗಿದೆ ಅಂತ ಬಂದರೆ ನೀವೇನು ಮಾಡೋರು?

ಹುಮನಾಬಾದ ಕಡೆಯ ಒಬ್ಬ ಶಾಲೆ ಟೀಚರಮ್ಮ, ಮೂರು ಸಲ ಗರ್ಭ ನಿಲ್ಲದೆ ನಾಲ್ಕನೆಯದಕ್ಕೆ ಬಂದವರು, ‘ಏನೇ ಬಂದ್ರೂ ನಾ ಹಡೀತೀನ್ರಿ. ಮತ್ಯಾಕ ಆರು ತಿಂಗಳ ನಿದ್ದಿ ಕೆಡಿಸ್ಕೋಬೇಕು?’ ಎಂದು ಸ್ಕ್ಯಾನ್ ಮಾತ್ರ ಮಾಡಿಸಿಕೊಂಡು ಎದ್ದು ಹೋದರು. ಅದೇ ವಾರ ಇನ್ನೊಬ್ಬಳು ಅದೇ ಮಾತು ಹೇಳಿ, ‘ಆದ್ರ ಮದ್ಲೇ ಗೊತ್ತಾದ್ರ ಹೆರಗಿ ದೊಡ್ಡ ದವಾಖಾನ್ಯಾಗ ಇಟ್ಕೋತೀನಿ’ ಎಂದು ಎಲ್ಲ ಪರೀಕ್ಷೆ ಮಾಡಿಸಿಕೊಂಡಳು. ಇಬ್ಬರದ್ದೂ ಸರಿ. ಯೋಚನೆಯೇ ಇಲ್ಲದೆ ರಿಪೋರ್ಟು ಕೈಗೆ ಬರುವುದೊಂದೇ ತಪ್ಪು.

2. ಗುಟ್ಟು ಬಿಚ್ಚುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ

ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊರಗೆ ಬಿಡಬಾರದು ಎನ್ನುತ್ತಾರೆ ನಮ್ಮ ಹಿರಿಯರು. ಕಣ್ಣು ಬೀಳುತ್ತದೆ, ಇಲ್ಲವೆ ನಿಲ್ಲದೆ ಹೋದರೆ ಊರಿಗೆಲ್ಲ ಉತ್ತರ ಹೇಳಬೇಕಾಗುತ್ತದೆ. ಆದರೆ ಎನ್‌ಟಿ ಸ್ಕ್ಯಾನಿಗೂ ಡಬಲ್ ಮಾರ್ಕರಿಗೂ ಇರುವ ಸಮಯ 11 ವಾರದಿಂದ 13 ವಾರ 6 ದಿನದ ತನಕ. ಮಗುವಿನ ಉದ್ದ ತಲೆಯಿಂದ ಕುಂಡೆಯವರೆಗೆ 45ರಿಂದ 84 ಮಿಲಿಮೀಟರ್ ಒಳಗಿದ್ದಾಗ ಮಾತ್ರ ಎನ್‌ಟಿಗೆ, ಅಂದರೆ ಕತ್ತಿನ ಹಿಂದಿನ ನೀರಿನ ಪದರದ ಅಳತೆಗೆ, ಅರ್ಥ. ಮೂರು ತಿಂಗಳು ತುಂಬಲಿ ಎಂದು ಕಾದು, ಆಮೇಲೆ ಒಳ್ಳೆ ದಿನ ನೋಡಿ, ಗಂಡನಿಗೆ ರಜೆ ಸಿಕ್ಕಿ ಬಸ್ಸು ಹತ್ತಿದರೆ 14 ದಾಟಿರುತ್ತದೆ. ಎಷ್ಟು ಜನ ಹೀಗೆ ವಾಪಸ್ ಹೋಗಿದ್ದಾರೋ. ಈಗ ನಮ್ಮ ಕಡೆಯ ಹೊಸ ಮದುಮಕ್ಕಳಿಗೆ ನಾನು ಹೇಳುವುದು: ಗುಟ್ಟು ಗುಟ್ಟಾಗಿಯೇ ಇರಲಿ, ಊರಿಗೆ ಹೇಳಬೇಡಿ, ಆದರೆ ಎರಡು ತಿಂಗಳಾದ ಕೂಡಲೇ ಡಾಕ್ಟರಿಗೆ ಹೇಳಿ.

ಕೊನೆಯ ಮುಟ್ಟಿನ ತಾರೀಖು ಕೇಳಿದರೆ ತಾರೀಖು ಬರುವುದಿಲ್ಲ. ‘ಎಳ್ಳ ಅಮಾಸಿ ಮೂರು ದಿನ ಅದ ಅನ್ನಾಗ’ ಎನ್ನುತ್ತಾರೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಗೊತ್ತಾಯಿತು, ಮೊಬೈಲಿನಲ್ಲಿ ತಾರೀಖು ಗುರುತು ಹಾಕಿಕೊಂಡವರಿಗಿಂತ ಇವರ ನೆನಪು ಗಟ್ಟಿ. ಮನೆಯವರೆಲ್ಲ ಹೊಲಕ್ಕೆ ಚರಗ ಚೆಲ್ಲಲು ಹೊರಟಾಗ ತಾನು ಹೊರಗಾಗಿ ಮನೆಯಲ್ಲೇ ಉಳಿದದ್ದನ್ನು ಯಾವ ಹೆಂಗಸೂ ಮರೆಯುವುದಿಲ್ಲ. ನನ್ನ ಡ್ರಾವರಿನಲ್ಲಿ ಹಳೆಯ ಎರಡು ವರ್ಷದ ಪಂಚಾಂಗ ಸದಾ ಇರುತ್ತದೆ.

ತಡವಾಗಿ ಬಂದವರಿಗೆ ದಾರಿಯೇ ಇಲ್ಲ ಎಂದಲ್ಲ. 15ನೇ ವಾರದಿಂದ ಕ್ವಾಡ್ರುಪಲ್ ಟೆಸ್ಟ್ ಇದೆ, 18ರಿಂದ 20ರಲ್ಲಿ ಟಿಫಾ ಸ್ಕ್ಯಾನ್ ಇದೆ – ಬೆಂಗಳೂರಿನವರು ಅನಾಮಲಿ ಸ್ಕ್ಯಾನ್ ಅನ್ನುವುದನ್ನು ಹೈದರಾಬಾದಿನವರು ಟಿಫಾ ಅನ್ನುತ್ತಾರೆ. ಆದರೆ ಕಾನೂನಿನ ಗಡಿಯಾರ ನಿಲ್ಲುವುದಿಲ್ಲ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ 20 ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಮಗುವಿನಲ್ಲಿ ದೋಷ ಕಂಡಂಥ ಸಂದರ್ಭಗಳಲ್ಲಿ 24 ವಾರದ ತನಕ ಇಬ್ಬರದು ಬೇಕು. ಅದರಾಚೆ ಗಂಭೀರ ದೋಷವಿದೆ ಎಂದು ಮೆಡಿಕಲ್ ಬೋರ್ಡ್ ಒಪ್ಪಬೇಕು. ಒಂದೊಂದು ವಾರವನ್ನೂ ಎಣಿಸಿ ಖರ್ಚು ಮಾಡಬೇಕು.

3. ಜೂನ್ ಒಂದರಂದು ಹುಟ್ಟಿದವರು

ನಮ್ಮ ಭಾಗದಲ್ಲಿ ಅರ್ಧ ಊರಿನ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದದ್ದೇ ಜನ್ಮದಿನಾಂಕ, ಅದೇ ಆಧಾರ್ ಕಾರ್ಡಿಗೂ ಇಳಿದಿದೆ. ರೇಶನ್ನಿಗೆ, ಬ್ಯಾಂಕಿಗೆ ಇದರಿಂದ ತೊಂದರೆ ಇಲ್ಲ. ಡಬಲ್ ಮಾರ್ಕರಿಗೆ ಇದೆ.

ಯಾಕೆಂದರೆ ರಿಪೋರ್ಟಿನಲ್ಲಿ ಬರುವ ಆ ಒಂದು ಅಂಕಿಯನ್ನು ಕಂಪ್ಯೂಟರ್ ಕಟ್ಟುವುದು ತಾಯಿಯ ವಯಸ್ಸಿನ ತಳಪಾಯದ ಮೇಲೆ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟುವ ಸಂಭವ 25ನೇ ವಯಸ್ಸಿನಲ್ಲಿ ಸುಮಾರು 1250ಕ್ಕೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಅದರ ಮೇಲೆ ಎನ್‌ಟಿ ಅಳತೆ, ರಕ್ತದಲ್ಲಿನ ಪ್ಯಾಪ್-ಎ ಮತ್ತು ಬೀಟಾ ಎಚ್‌ಸಿಜಿ ಎಂಬೆರಡು ವಸ್ತುಗಳ ಮಟ್ಟ ಕೂಡಿಸಿ ಗುಣಿಸುತ್ತಾರೆ. ತಳಪಾಯ ಮೂರು ವರ್ಷ ಸುಳ್ಳಾದರೆ ಮೇಲಿನ ಲೆಕ್ಕವೂ ವಾಲುತ್ತದೆ. ಕಾರ್ಡಿನಲ್ಲಿ 33 ಇದ್ದ ಒಬ್ಬರು, ‘ನಮ್ಮಣ್ಣಗಿಂತ ನಾ ಎರಡು ವರ್ಷ ದೊಡ್ಡಾಕಿ’ ಎಂದು ಬಾಯ್ತಪ್ಪಿ ಅಂದರು. ಅಣ್ಣ ಹೇಗೆ ಚಿಕ್ಕವನಾದ? ಶಾಲೆಗೆ ಅವನನ್ನು ಮೊದಲು ಸೇರಿಸಿದ್ದರು, ಅವನು ಕಾಗದದಲ್ಲಿ ಅಣ್ಣನಾಗಿದ್ದ! ಕಟ್ಟಕಡೆಗೆ ತಾಳೆ ಹಾಕಿದಾಗ ಆಕೆಗೆ 37.

ಕಾರ್ಡಿನ ವಯಸ್ಸು ಅದರ ಪಾಡಿಗೆ ಇರಲಿ. ಲ್ಯಾಬಿನ ಫಾರ್ಮಿಗೆ ನಿಜವಾದ ವಯಸ್ಸು ಬೇಕು. ತೂಕವೂ ಅವತ್ತಿನದೇ ಬೇಕು, ಹೋದ ತಿಂಗಳಿನದಲ್ಲ. ಮೈ ತೂಕ ಹೆಚ್ಚಿದಷ್ಟೂ ರಕ್ತದಲ್ಲಿ ಆ ವಸ್ತುಗಳು ತೆಳುವಾಗುತ್ತವೆ. ಅವಳಿ ಇದ್ದರೆ, ಐವಿಎಫ್ ಆಗಿದ್ದರೆ, ಮೊದಲಿನಿಂದ ಸಕ್ಕರೆ ಕಾಯಿಲೆ ಇದ್ದರೆ ಅದೂ ಫಾರ್ಮಿನಲ್ಲಿರಬೇಕು. ಆ ಫಾರ್ಮನ್ನು ಗಡಿಬಿಡಿಯಲ್ಲಿ ತುಂಬುವುದು ಸಾಮಾನ್ಯವಾಗಿ ರಕ್ತ ತೆಗೆಯುವ ಹುಡುಗ. ಅವನ ಕೈಯಿಂದ ಈಸಿಕೊಂಡು ಒಮ್ಮೆ ಓದಿ.

4. ನಾಲ್ಕು ಬಸ್ಸಿನ ಲೆಕ್ಕ

‘1:180, ಹೈ ರಿಸ್ಕ್’ ಎಂದು ಒಬ್ಬಳ ರಿಪೋರ್ಟಿನಲ್ಲಿ ಕೆಂಪಕ್ಷರದಲ್ಲಿ ಬಂದಿತ್ತು. ಗಂಡ ಅದನ್ನು ನೂರಕ್ಕೆ ನೂರೆಂಬತ್ತು ಎಂದು ಓದಿಕೊಂಡಿದ್ದ. ಹೆಂಡತಿ ಎರಡು ದಿನದಿಂದ ಊಟ ಬಿಟ್ಟಿದ್ದಳು. ನಾನು ಸಂಭವದ ಗಣಿತ ಹೇಳುತ್ತ ಹೋದೆ, ಇಬ್ಬರ ಮುಖವೂ ಹಾಗೇ ಇತ್ತು. ಕೊನೆಗೆ ಕೇಳಿದೆ: ‘ನೀವು ಬಂದ ಬಸ್ಸಿನ್ಯಾಗ ಎಷ್ಟು ಮಂದಿ ಇದ್ರು?’ ‘ನಲವತ್ತೈದು ಇರಬೇಕ್ರಿ.’ ‘ಅಂಥ ನಾಕು ಬಸ್ಸಿನ ತುಂಬ ನಿನ್ನಂಥಾ ಬಸುರಿ ಹೆಣ್ಮಕ್ಕಳೇ ಕೂತಾರ ಅಂತ ತಿಳಕೋ. ಎಲ್ಲಾರ ರಿಪೋರ್ಟೂ ಇದೇ ಅದ. ಅವರೊಳಗ ಒಬ್ಬಾಕಿ ಮಗೂಗೆ ಡೌನ್ ಸಿಂಡ್ರೋಮ್ ಇರ್ತದ. ಉಳಿದ ನೂರಾ ಎಪ್ಪತ್ತೊಂಬತ್ತು ಮಂದಿಗೆ ಇರೂದಿಲ್ಲ.’ ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಆ ಒಬ್ಬಾಕಿ ಯಾವ ಬಸ್ಸಿನ್ಯಾಗ ಅದಾಳ ಅಂತ ಹ್ಯಾಂಗ ಗೊತ್ತಾಗ್ತದ?’ ಅಂದಳು. ಅಲ್ಲಿಂದ ಮುಂದೆ ನಮ್ಮ ಮಾತು ಸರಿಯಾದ ದಾರಿ ಹಿಡಿಯಿತು.

ಡಬಲ್ ಮಾರ್ಕರ್ ಒಂದು ಸಾಣಿಗೆ. ತಕ್ಕಡಿ ಅಲ್ಲ. ಸಾಣಿಗೆಯ ಮೇಲೆ ಉಳಿದದ್ದೆಲ್ಲ ಹೊಟ್ಟಾಗಿರುವುದಿಲ್ಲ, ಕೆಳಗೆ ಇಳಿದದ್ದೆಲ್ಲ ಹಸನಾದ ಹಿಟ್ಟೂ ಅಲ್ಲ. ನೂರು ಸರಿಯಾದ ಬಸಿರಲ್ಲಿ ಐದನ್ನು ಸುಮ್ಮನೆ ಹೆದರಿಸಲು ಒಪ್ಪಿದರೆ, ಎನ್‌ಟಿ ಮತ್ತು ಡಬಲ್ ಮಾರ್ಕರ್ ಕೂಡಿ ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ ಸುಮಾರು ತೊಂಬತ್ತನ್ನು ಹಿಡಿಯುತ್ತವೆ. ಆ ಉಳಿದ ಹತ್ತರ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ.

‘ಪಾಸಿಟಿವ್’ ಎಂಬ ಪದವನ್ನು ನನ್ನ ಖೋಲಿಯಲ್ಲಿ ಬಿಟ್ಟಿದ್ದೇನೆ. ಕೊರೊನಾ ಕಾಲದ ಮೇಲಂತೂ ಪಾಸಿಟಿವ್ ಅಂದರೆ ಬಂದೇ ಬಿಟ್ಟಿದೆ ಎಂದೇ ಜನರ ಅರ್ಥ.

5. ಎನ್‌ಐಪಿಟಿ ಮಾತಾಡುವುದು ಮಾಸಿನ ಮಾತು

ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ತುಣುಕುಗಳು ತೇಲುತ್ತವೆ ಎಂದು ವಿಜ್ಞಾನಿ ಡೆನಿಸ್ ಲೋ ಮತ್ತು ಅವರ ಜೊತೆಗಾರರು ತೋರಿಸಿದ್ದು 1997ರಲ್ಲಿ. ಅದರಿಂದ ಬೆಳೆದದ್ದೇ ಎನ್‌ಐಪಿಟಿ. ಹತ್ತನೇ ವಾರದಿಂದ ಮಾಡಬಹುದು, ತೋಳಿನ ರಕ್ತ ಸಾಕು, ಡೌನ್ ಸಿಂಡ್ರೋಮ್ ವಿಷಯದಲ್ಲಿ ಡಬಲ್ ಮಾರ್ಕರಿಗಿಂತ ಬಹಳ ಚೊಕ್ಕ. ಖರ್ಚು ಮಾತ್ರ ಹೆಚ್ಚು. ಹಾಗಾಗಿ ದುಡ್ಡಿದ್ದವರು ‘ಎಲ್ಲಕ್ಕಿಂತ ಮ್ಯಾಲಿಂದು ಮಾಡ್ರಿ’ ಎಂದು ಇದನ್ನೇ ಕೇಳುತ್ತಾರೆ, ಬಂದ ಉತ್ತರವನ್ನು ಕೊನೆಯ ಮಾತೆಂದು ತಿಳಿಯುತ್ತಾರೆ.

ಕೊನೆಯ ಮಾತಲ್ಲ. ಲೆಕ್ಕ ಹಾಕಿ ನೋಡಿ. ಸಣ್ಣ ವಯಸ್ಸಿನ ಹತ್ತು ಸಾವಿರ ಬಸುರಿಯರಲ್ಲಿ ಸುಮಾರು ಹತ್ತು ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇದೆ ಎನ್ನೋಣ. ಪರೀಕ್ಷೆ ಆ ಹತ್ತನ್ನೂ ಹಿಡಿಯಿತು. ಉಳಿದವರಲ್ಲಿ ಸಾವಿರಕ್ಕೊಬ್ಬರ ವಿಷಯದಲ್ಲಿ ತಪ್ಪಿತು ಎಂದರೂ ಅದು ಮತ್ತೆ ಹತ್ತು. ಹೈ ರಿಸ್ಕ್ ಎಂದು ಬಂದ ಇಪ್ಪತ್ತರಲ್ಲಿ ಅರ್ಧ ಸುಳ್ಳು! ಅದೇ ನಲವತ್ತರ ಹೆಂಗಸರಾದರೆ ನಿಜವಾದವು ನೂರರ ಮೇಲಿರುತ್ತವೆ, ಸುಳ್ಳು ಅದೇ ಹತ್ತು. ಪರೀಕ್ಷೆ ಒಂದೇ, ಯಂತ್ರ ಒಂದೇ. ಕೇಳಿದವಳ ವಯಸ್ಸಿನ ಮೇಲೆ ಉತ್ತರದ ತೂಕ ಬೇರೆ.

ಇನ್ನೊಂದಿದೆ. ಮಗುವಿನ ಡಿಎನ್‌ಎ ಎಂದು ನಾವು ಅನ್ನುವುದು ಹೆಚ್ಚಿನಂಶ ಮಾಸಿನಿಂದ ಬಂದದ್ದು. ಅಪರೂಪಕ್ಕೆ ಮಾಸಿನಲ್ಲಿ 21ನೇ ಕ್ರೋಮೋಸೋಮಿನ ಮೂರನೇ ಪ್ರತಿ ಇದ್ದು ಮಗುವಿನಲ್ಲಿ ಇರುವುದಿಲ್ಲ. ಆದ್ದರಿಂದ ಎನ್‌ಐಪಿಟಿ ರಿಪೋರ್ಟು ಒಂದನ್ನೇ ನೆಚ್ಚಿ ಬಸಿರು ತೆಗೆಸಬಾರದು. ಇದೊಂದನ್ನು ಗೋಡೆಯ ಮೇಲೆ ಮೂರು ಭಾಷೆಯಲ್ಲಿ ಬರೆದು ಅಂಟಿಸಿದ್ದೇನೆ. ‘ಡಿಎನ್‌ಎ ಸಾಲಲಿಲ್ಲ, ಇನ್ನೊಮ್ಮೆ ರಕ್ತ ಕೊಡಿ’ ಎಂದು ಬಂದರೆ ಎದೆ ಒಡೆದುಕೊಳ್ಳಬೇಡಿ. ಬೇಗ ಮಾಡಿಸಿದವರಲ್ಲಿ, ತೂಕ ಹೆಚ್ಚಿರುವವರಲ್ಲಿ ಹಾಗಾಗುವುದುಂಟು.

6. ನೀರು ತೆಗೆಯುವ ದಿನ

ಇಲ್ಲಿಯ ತನಕ ಹೇಳಿದ್ದು ಸಾಣಿಗೆಯ ಮಾತು, ತಕ್ಕಡಿ ಅಂದರೆ ಇದು. 11ರಿಂದ 14 ವಾರದೊಳಗಾದರೆ ಮಾಸಿನ ಚೂರು ತೆಗೆಯುವುದು, 15 ದಾಟಿದರೆ ಗರ್ಭದ ನೀರು ತೆಗೆಯುವುದು – ಆಮ್ನಿಯೋ. ಆ ನೀರಿಗೆ ತೆಲುಗರು ಉಮ್ಮನೀರು ಅನ್ನುತ್ತಾರೆ. ಸ್ಕ್ಯಾನಿನ ಪರದೆ ನೋಡುತ್ತ ಸಪೂರ ಸೂಜಿ ಇಳಿಸಿ ಸುಮಾರು 20 ಮಿಲಿ ನೀರು ಎಳೆಯುತ್ತಾರೆ. ಎರಡು ನಿಮಿಷವೂ ಹಿಡಿಯುವುದಿಲ್ಲ. ಆ ನೀರು ಮತ್ತೆ ತುಂಬಿಕೊಳ್ಳುತ್ತದೆ. ಅದು ಬಹುಮಟ್ಟಿಗೆ ಮಗುವಿನ ಮೂತ್ರವೇ ಎಂದು ಹೇಳಿದರೆ ಹೆದರಿದವರೂ ನಗುತ್ತಾರೆ.

ಗರ್ಭ ಹೋಗುವ ಅಪಾಯ ಇಲ್ಲವೆ? ಇದೆ. ಕೈ ಪಳಗಿದವರಲ್ಲಿ ಅದು ಹಲವು ನೂರಕ್ಕೆ ಒಂದು. ಇದನ್ನು ಮುಚ್ಚಿಡಬಾರದು, ಹಿಗ್ಗಿಸಲೂಬಾರದು. ರಕ್ತದ ಗುಂಪು ನೆಗೆಟಿವ್ ಇದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕಾಗುತ್ತದೆ ಎಂದು ಮೊದಲೇ ಹೇಳಬೇಕು. ಮುಖ್ಯ ಕ್ರೋಮೋಸೋಮುಗಳ ತುರ್ತು ಉತ್ತರ ಕೆಲವು ದಿನಗಳಲ್ಲಿ ಬರುತ್ತದೆ. ಜೀವಕೋಶ ಬೆಳೆಸಿ ನೋಡುವ ಪೂರ್ತಿ ಉತ್ತರಕ್ಕೆ ಎರಡು ಮೂರು ವಾರ.

ಸಹಿ ಹಾಕುವ ಫಾರ್ಮಿನದ್ದೊಂದು ಕತೆ. ಹುಟ್ಟುವ ಮುಂಚಿನ ಪರೀಕ್ಷೆಗಳ ಮೇಲಿನ 1994ರ ಕಾಯ್ದೆ (ಈಗಿನ ಹೆಸರು ಪಿಸಿಪಿಎನ್‌ಡಿಟಿ) ಹೇಳುತ್ತದೆ: ಹೆಂಗಸಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಬರಹದಲ್ಲಿ ಒಪ್ಪಿಗೆ ಪಡೆಯಬೇಕು, ಅದರ ಪ್ರತಿ ಆಕೆಗೆ ಕೊಡಬೇಕು. ಕೋಠಿಯಲ್ಲಿ ತಿಳಿಯುವ ಭಾಷೆ ಅಂದರೆ ತೆಲುಗು, ಉರ್ದು, ಇಂಗ್ಲಿಷ್. ಔರಾದದಿಂದ ಬಂದ ಹುಡುಗಿ ತೆಲುಗು ಅಕ್ಷರದ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ್ದನ್ನು ನೋಡಿದೆ. ಎರಡೂ ಲಿಪಿ ಅಣ್ಣತಮ್ಮಂದಿರಂತಿವೆ, ಓದಿ ಹಾಕಿರಬೇಕು ಅಂದುಕೊಂಡೆ. ಕೇಳಿದರೆ, ‘ಅಕ್ಷರ ಕೂಡಿಸಿ ಓದ್ಲಿಕ್ಕಿ ಬರ್ತದ ಅಕ್ಕಾ, ಅರ್ಥ ಆಗ್ಲಿಲ್ಲ.’ ಅವತ್ತು ರಾತ್ರಿ ಫಾರ್ಮನ್ನು ಕನ್ನಡಕ್ಕೆ ಇಳಿಸಿದೆ. ‘ಆಕ್ರಮಣಶೀಲ ಕಾರ್ಯವಿಧಾನ’ ಎಂದೆಲ್ಲ ಬರೆದದ್ದನ್ನು ನಮ್ಮವ್ವ ಓದಿ, ‘ಯಾರ ಮ್ಯಾಲ ಯುದ್ಧಕ್ಕ ಹೊಂಟೀರಿ?’ ಅಂದಳು. ಹೊಡೆದು ಹಾಕಿ ‘ಸೂಜಿಯಿಂದ ನೀರು ತೆಗೆಯುವುದು’ ಎಂದು ಬರೆದೆ. ಆ ಹಾಳೆಯ ಜೆರಾಕ್ಸು ಇವತ್ತಿಗೂ ಓಡುತ್ತಿದೆ.

7. ಅತ್ತೆಯನ್ನು ಹೊರಗೆ ಕೂರಿಸಬೇಡಿ, ಆದರೆ ಮೊದಲು ಕರೆಯಬೇಡಿ

ಹೆಂಗಸು ಒಬ್ಬಳೇ ಇದ್ದಾಗ ಮಾತಾಡಬೇಕು ಎಂದು ನನಗೆ ಕಲಿಸಿದ್ದರು. ಹಾಗೆ ಮಾಡಿದೆ. ಅವರು ಊರಿಗೆ ಹೋದ ಮೇಲೆ ಅತ್ತೆ ಫೋನಿನಲ್ಲಿ ‘ನಮ್ಮ ಸೊಸಿಗಿ ಏನೇನೋ ಹೇಳಿ ಕಳಿಸೀರಿ’ ಎಂದು ಜಗಳ ತೆಗೆದರು. ಈಗ ಮೊದಲ ಹತ್ತು ನಿಮಿಷ ಅವಳೊಬ್ಬಳೇ. ಹಿಂದಿನ ಬಸಿರು, ಮನಸ್ಸಿನ ಭಯ, ಗಂಡನಿಗೂ ಹೇಳದ ಮಾತು ಏನಿದ್ದರೂ ಆಗ. ಆಮೇಲೆ ಅವಳನ್ನೇ ಕೇಳಿ ಅತ್ತೆಯನ್ನೂ ಒಳಗೆ ಕರೆಯುತ್ತೇನೆ. ತೀರ್ಮಾನ ಅವಳದ್ದೇ, ಕಾನೂನಿನಲ್ಲೂ ಅವಳದ್ದೇ. ಆದರೆ ಆ ತೀರ್ಮಾನದ ಜತೆ ಬಾಳುವುದು ಅದೇ ಮನೆಯಲ್ಲಿ.

8. ಎರಡು ಗೆರೆಯ ಮದುವೆ

ನಾನು ಬಂದವರ ವಂಶದ ಪಟ ಬರೆಯುತ್ತೇನೆ. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು, ಮದುವೆಗೆ ನಡುವೆ ಒಂದು ಗೆರೆ. ಸಂಬಂಧದಲ್ಲೇ ಮದುವೆಯಾಗಿದ್ದರೆ ಎರಡು ಗೆರೆ. ನಮ್ಮ ಕಡೆಯವರ ಪಟದಲ್ಲಿ ಜೋಡಿ ಗೆರೆಗಳು ಬಹಳ. ಅಕ್ಕನ ಮಗಳನ್ನು ತಂದುಕೊಂಡದ್ದು, ಸೋದರತ್ತೆಯ ಮಗನಿಗೆ ಕೊಟ್ಟದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಮದುವೆಗಳಲ್ಲಿ ನಾಲ್ಕರಲ್ಲೊಂದರಷ್ಟು ಸಂಬಂಧದೊಳಗಿನವೇ. ನನ್ನ ಅಪ್ಪ ಅವ್ವನೂ ಸೋದರಮಾವ ಸೊಸೆಯೇ. ಹಾಗಾಗಿ ಈ ವಿಷಯದಲ್ಲಿ ಉಪದೇಶ ಮಾಡುವ ಬಾಯಿ ನನಗಿಲ್ಲ. ಉಪದೇಶ ಮಾಡುವವರನ್ನು ಕಂಡರೆ ಸಿಟ್ಟೂ ಬರುತ್ತದೆ. ಬಸುರಿಯ ಎದುರು ‘ಯಾಕೆ ಸಂಬಂಧದಲ್ಲಿ ಮದುವೆಯಾದಿರಿ’ ಎಂದರೆ ಅವಳೇನು ಮಾಡಬೇಕು?

ಲೆಕ್ಕ ಇಷ್ಟು: ಯಾವುದೇ ದಂಪತಿಗೆ ಹುಟ್ಟು ದೋಷವಿರುವ ಮಗುವಾಗುವ ಸಂಭವ ನೂರಕ್ಕೆ ಎರಡು ಮೂರು. ಅತ್ತೆಯ ಮಗ ಮಾವನ ಮಗಳಾದರೆ ಅದು ಹೆಚ್ಚುಕಡಿಮೆ ಇಮ್ಮಡಿ. ಅಂದರೂ ನೂರಕ್ಕೆ ತೊಂಬತ್ನಾಲ್ಕರ ಮೇಲೆ ಚೆನ್ನಾಗಿಯೇ ಹುಟ್ಟುತ್ತವೆ. ಹೆಚ್ಚುವುದು ಯಾತರದು ಎನ್ನುವುದು ಮುಖ್ಯ. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಒಂದೊಂದು ಪ್ರತಿ ಮಲಗಿದ್ದು ಮಗುವಿನಲ್ಲಿ ಎರಡೂ ಕೂಡಿದಾಗ ಎದ್ದೇಳುವ ಕಾಯಿಲೆಗಳು. ಇವನ್ನು ಡಬಲ್ ಮಾರ್ಕರ್ ನೋಡುವುದೇ ಇಲ್ಲ. ನಾವು ಸಾಮಾನ್ಯವಾಗಿ ಮಾಡಿಸುವ ಎನ್‌ಐಪಿಟಿಯೂ ನೋಡುವುದಿಲ್ಲ. ‘ಎಲ್ಲಾ ಟೆಸ್ಟೂ ನಾರ್ಮಲ್ ಇದ್ವು, ಮತ್ಯಾಕ ಹಿಂಗಾಯ್ತು?’ ಎಂದು ಕೇಳುವ ತಾಯಂದಿರಲ್ಲಿ ಬಹಳ ಜನ ಈ ಕಂದಕಕ್ಕೆ ಬಿದ್ದವರು.

ಮಾಂಜ್ರಾ ದಂಡೆಯ ಒಂದು ಊರಿನ ದಂಪತಿ. ಅವನು ಅವಳ ಸೋದರಮಾವ. ಮೊದಲ ಮಗು ಹುಟ್ಟಿದಾಗ ಚೆನ್ನಾಗಿತ್ತಂತೆ. ಮೂರನೇ ತಿಂಗಳಿಂದ ಕೈಕಾಲು ಬಿಟ್ಟುಕೊಂಡು, ಕತ್ತು ನಿಲ್ಲದೆ, ಹಾಲು ನುಂಗಲಾರದೆ ಏಳನೇ ತಿಂಗಳಿಗೆ ತೀರಿಕೊಂಡಿತು. ದವಾಖಾನೆಯ ಕಡತ ಎಲ್ಲಿ ಎಂದೆ. ‘ಕೂಸಿನ ಅರಬಿ ಸಂಗ್ತೇ ಮಾಂಜ್ರಾದಾಗ ಬಿಟ್ಟೇವ್ರಿ.’ ಕಾಯಿಲೆಯ ಹೆಸರು ನೀರಿಗೆ ಹೋಗಿತ್ತು. ಹೆಸರು ಗೊತ್ತಿಲ್ಲದ ಮೇಲೆ ಹೊಟ್ಟೆಯಲ್ಲಿರುವ ಮಗುವಿನಲ್ಲಿ ಏನನ್ನು ಹುಡುಕುವುದು? ಅವಳಿಗಾಗಲೇ ಎರಡನೆಯದು ಒಂಬತ್ತು ವಾರ.

ಮಗು ಸಾಯುವ ಮುಂಚೆ ಯಾರೋ ಮೊಬೈಲಿನಲ್ಲಿ ಹಿಡಿದ ಒಂದು ವಿಡಿಯೋ ಇತ್ತು. ಕೂಸು ನಗುತ್ತಿದೆ, ಕಣ್ಣು ಚುರುಕಾಗಿವೆ, ಕೈಕಾಲು ಮಾತ್ರ ಕಪ್ಪೆಯ ಹಾಗೆ ಅಗಲಿಸಿ ಬಿದ್ದಿವೆ. ಅದನ್ನು ನೋಡಿದ ಜೆನೆಟಿಕ್ಸ್ ಡಾಕ್ಟರು ಸ್ನಾಯುಗಳು ಸೊರಗುವ ಎಸ್‌ಎಂಎ ಕಾಯಿಲೆ ಇರಬೇಕು ಎಂದು ಊಹಿಸಿ ತಂದೆ ತಾಯಿಯ ರಕ್ತ ಕಳಿಸಿದರು. ಇಬ್ಬರೂ ವಾಹಕರು ಎಂದು ಬಂತು. ಹನ್ನೆರಡನೇ ವಾರ ಮಾಸಿನ ಚೂರು ತೆಗೆದು ನೋಡಿದರು. ಮಗುವೂ ತಂದೆ ತಾಯಿಯ ಹಾಗೆ ಒಂದೇ ಪ್ರತಿ ಹೊತ್ತಿತ್ತು, ಕಾಯಿಲೆ ಇರಲಿಲ್ಲ. ಆ ವಿಡಿಯೋ ಇಲ್ಲದಿದ್ದರೆ?

ಆದ್ದರಿಂದ ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಒಂದು ಮಗು ಕಾಯಿಲೆ ಬಿದ್ದಿದ್ದರೆ, ತೀರಿಕೊಂಡಿದ್ದರೆ, ಅದರ ಕಾಗದ, ಫೋಟೋ, ವಿಡಿಯೋ ಏನನ್ನೂ ಕಳೆಯಬೇಡಿ. ಮಗು ಇರುವಾಗಲೇ ಅದರ ರಕ್ತದಿಂದ ಡಿಎನ್‌ಎ ತೆಗೆಸಿಡಿ. ಮುಂದಿನ ಬಸಿರಿನ ಮುಂಚೆಯೇ ಬನ್ನಿ. ಹೆಸರು ಗೊತ್ತಿಲ್ಲದ ದೋಷ ಹುಡುಕಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ, ಬಸಿರು ಕಾಯುವುದಿಲ್ಲ. ಹೈದರಾಬಾದಿನಲ್ಲಿ ಇದಕ್ಕೆ ಜಾಗಗಳಿಲ್ಲದೆ ಇಲ್ಲ. ಬೇಗಂಪೇಟೆಯ ಉಸ್ಮಾನಿಯಾ ವಿಶ್ವವಿದ್ಯಾಲಯದ ಜೆನೆಟಿಕ್ಸ್ ಸಂಸ್ಥೆ ಹಳೆಯದು; ಪಂಜಾಗುಟ್ಟದ ನಿಮ್ಸ್ ದವಾಖಾನೆಯಲ್ಲಿ ಜೆನೆಟಿಕ್ಸ್ ವಿಭಾಗವಿದೆ, ಅದರ ಬೆನ್ನಿಗೆ ಉಪ್ಪಲ್‌ನ ಡಿಎನ್‌ಎ ಸಂಸ್ಥೆ ಸಿಡಿಎಫ್‌ಡಿ ಇದೆ.

ಇನ್ನೊಂದು ತಪ್ಪು ತಿಳಿವಳಿಕೆ. ನಾಲ್ಕಕ್ಕೆ ಒಂದು ಎಂದು ಹೇಳಿದರೆ, ‘ಒಂದು ಹೋಗ್ಯದ, ಇನ್ನ ಮೂರು ಚಲೋ ಆಗ್ತಾವ’ ಎಂದು ಲೆಕ್ಕ ಹಾಕುತ್ತಾರೆ. ಹಾಗಲ್ಲ. ಪ್ರತಿ ಬಸಿರೂ ಹೊಸದಾಗಿ ಕವಡೆ ಬಿಟ್ಟ ಹಾಗೆ. ಹಿಂದೆ ಏನು ಬಿದ್ದಿತ್ತು ಎಂಬುದು ಕವಡೆಗೆ ಗೊತ್ತಿರುವುದಿಲ್ಲ.

9. ಎಚ್‌ಪಿಎಲ್‌ಸಿ ಎಂಬ ಅಗ್ಗದ ಪರೀಕ್ಷೆ

ಥಲಸೀಮಿಯಾ, ಸಿಕಲ್ ಸೆಲ್. ಈ ಎರಡು ರಕ್ತದ ಕಾಯಿಲೆಗಳಿಗೂ ತಾಯಿಯ ರಕ್ತವನ್ನು ಎಚ್‌ಪಿಎಲ್‌ಸಿಯಲ್ಲಿ ಒಮ್ಮೆ ನೋಡಿದರೆ ಸಾಕು. ಅವಳು ವಾಹಕಳಲ್ಲದಿದ್ದರೆ ಮಾತು ಮುಗಿಯಿತು, ಇದ್ದರೆ ಮಾತ್ರ ಗಂಡನ ರಕ್ತ. ಕೋಠಿಯ ಗುಜರಾತಿ ಗಲ್ಲಿಯ ಹಳೆ ಮನೆತನಗಳಲ್ಲಿ ಈ ಮಾತು ಗೊತ್ತು. ಗುಜರಾತಿ, ಸಿಂಧಿ ಸಮುದಾಯಗಳಲ್ಲಿ ಥಲಸೀಮಿಯಾ ವಾಹಕರು ಹೆಚ್ಚು. ನಮ್ಮವರು ‘ರಕ್ತ ಕಡಿಮಿ ಅದ’ ಎಂದು ಕಬ್ಬಿಣದ ಗುಳಿಗೆ ನುಂಗುತ್ತ ಇರುತ್ತಾರೆ. ಗುಳಿಗೆ ತಿಂದರೂ ಹಿಮೋಗ್ಲೋಬಿನ್ ಏರದಿದ್ದರೆ ಈ ಪರೀಕ್ಷೆಯನ್ನು ಕೇಳಿ ಮಾಡಿಸಿ. ಗಂಡಂದಿರು ರಕ್ತ ಕೊಡಲು ಹಿಂದೆ ಮುಂದೆ ನೋಡುತ್ತಾರೆ, ‘ನನಗೇನಾಗ್ಯದ?’ ಎನ್ನುತ್ತಾರೆ. ನಗರದಲ್ಲಿ 1998ರಿಂದ ಇರುವ ಥಲಸೀಮಿಯಾ ಅಂಡ್ ಸಿಕಲ್ ಸೆಲ್ ಸೊಸೈಟಿಯಲ್ಲಿ ರಕ್ತ ಹಾಕಿಸಿಕೊಳ್ಳಲು ಮತ್ತೆ ಮತ್ತೆ ಬರುವ ಮಕ್ಕಳನ್ನು ಒಮ್ಮೆ ನೋಡಿ ಬಂದವರು ಹಾಗನ್ನುವುದಿಲ್ಲ.

10. ಗಂಡೋ ಹೆಣ್ಣೋ

ಕೇಳಬೇಡಿ. ನಮಗೆ ಗೊತ್ತಾದರೂ ಹೇಳುವುದಿಲ್ಲ, ಹೇಳಿದರೆ ಜೈಲು. ಗರ್ಭದ ನೀರಿನ ಪರೀಕ್ಷೆ ನಮ್ಮ ದೇಶಕ್ಕೆ ಕಾಯಿಲೆ ಹುಡುಕಲು ಬಂದು ಹೆಣ್ಣುಭ್ರೂಣ ಹುಡುಕಲು ಬಳಕೆಯಾಯಿತು. ಅದನ್ನು ತಡೆಯಲು 1988ರಲ್ಲಿ ಮಹಾರಾಷ್ಟ್ರ, 1994ರಲ್ಲಿ ಇಡೀ ದೇಶ ಕಾನೂನು ಮಾಡಬೇಕಾಯಿತು. ‘ಬಾಯಿಲೆ ಹೇಳಬ್ಯಾಡ್ರಿ, ಸನ್ನಿ ಮಾಡ್ರಿ ಸಾಕು’ ಎಂದ ಒಬ್ಬ ಅಜ್ಜನಿಗೆ ನಾನು ಬಾಗಿಲಿನ ಸನ್ನೆ ಮಾಡಿದ್ದೆ.

11. ನಾನು ಆಡಿದ ಒಂದು ಮಾತು

ಇದನ್ನು ಮೊದಲೇ ಬರೆಯಬೇಕಿತ್ತೇನೋ, ಕೈ ಬರಲಿಲ್ಲ.

ಹಲವು ವರ್ಷದ ಹಿಂದೆ, ಇಪ್ಪತ್ತಾರರ ಹುಡುಗಿ, ಬಸವಕಲ್ಯಾಣ ಕಡೆಯವಳು. ಡಬಲ್ ಮಾರ್ಕರ್ 1:1200, ಲೋ ರಿಸ್ಕ್. ಅವತ್ತು ಸೋಮವಾರ, ಹೊರಗೆ ಮೂವತ್ತು ಜನ. ನಾನು ಕಾಗದ ನೋಡಿ ನಕ್ಕು ‘ಏನೂ ಇಲ್ಲ ತಂಗಿ, ಆರಾಮ ಇರು’ ಎಂದು ಕಳಿಸಿದೆ. ನಿಂತೇ ಹೇಳಿದ್ದೆ, ಅವಳನ್ನು ಕೂರಿಸಲೂ ಇಲ್ಲ. ಟಿಫಾದಲ್ಲೂ ಏನೂ ಕಾಣಲಿಲ್ಲ. ಮಗು ಹುಟ್ಟಿತು; ಡೌನ್ ಸಿಂಡ್ರೋಮ್. ಹೃದಯದಲ್ಲಿ ರಂಧ್ರವೂ ಇತ್ತು – ಈ ಮಕ್ಕಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೃದಯದ ತೊಂದರೆ ಇರುತ್ತದೆ, ಎಲ್ಲವೂ ಸ್ಕ್ಯಾನಿಗೆ ಸಿಗುವುದಿಲ್ಲ.

ಎರಡು ವರ್ಷದ ಮೇಲೆ ಅವಳು ಮಗನನ್ನು ಎತ್ತಿಕೊಂಡು ಬಂದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ನಾನು ಆ ಹಳೆ ರಿಪೋರ್ಟಿನ ಲೆಕ್ಕ ವಿವರಿಸಲು ಶುರು ಮಾಡಿದೆ. ಅವಳು ತಡೆದಳು. ‘ಸಾವಿರದ ಎರಡನೂರಕ್ಕ ಒಂದು ಅಂತ ಕಾಗದದಾಗ ಬರದಿತ್ತು ಅಕ್ಕಾ. ಅದು ಸುಳ್ಳಲ್ಲ. ನೀವು ಏನೂ ಇಲ್ಲ ಅಂದ್ರಿ ನೋಡ್ರಿ, ಅದಕ್ಕ ಕೇಳ್ಲಿಕ್ಕಿ ಬಂದೀನಿ. ಹೆತ್ತ ದಿನ ಎಲ್ಲಾರೂ ನನ್ನ ಮಾರಿ ನೋಡಿದ್ರು. ನನಗ ಆಗ ಒಬ್ರರೆ ಹೇಳಿದ್ರ, ಇಂಥಾದ್ದೂ ಇರ್ತದ, ಹಿಂಗ ಬೆಳೀತಾವ ಅಂತ...’

ಉತ್ತರ ಇರಲಿಲ್ಲ. ಹುಡುಗ ಅಷ್ಟರಲ್ಲಿ ನನ್ನ ಡ್ರಾವರು ಎಳೆದು ಪಂಚಾಂಗ ಹೊರತೆಗೆದಿದ್ದ, ಪುಟ ತಿರುವುತ್ತಿದ್ದ. ಎದೆಯ ಮೇಲೆ ಆಪರೇಷನ್ನಿನ ಗೆರೆ ಅಂಗಿಯ ಕುತ್ತಿಗೆಯಿಂದ ಇಣುಕುತ್ತಿತ್ತು.

ಆಮೇಲೆ ಯಾರಿಗೂ ‘ಏನೂ ಇಲ್ಲ’ ಎಂದು ಹೇಳಿಲ್ಲ. ‘ಸಂಭವ ಕಡಿಮಿ ಅದ, ಪೂರಾ ಇಲ್ಲ ಅಂತಲ್ಲ’ ಎನ್ನುತ್ತೇನೆ, ಕೂರಿಸಿ. ಡೌನ್ ಸಿಂಡ್ರೋಮ್ ಅಂದರೆ ಏನು, ಅಂಥ ಮಕ್ಕಳು ಹೇಗೆ ನಡೆಯುತ್ತಾರೆ, ಮಾತು ಯಾವಾಗ ಬರುತ್ತದೆ, ಶಾಲೆಗೆ ಹೋಗುತ್ತಾರೆ ಎಂಬುದನ್ನು ರಿಪೋರ್ಟು ಬರುವ ಮುಂಚೆಯೇ ಹೇಳುತ್ತೇನೆ. ಬಂದ ಮೇಲೆ ಯಾರಿಗೂ ಕಿವಿ ಕೇಳಿಸುವುದಿಲ್ಲ. ಒಬ್ಬರಿಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಹೊರಗೆ ಕಾಯುವವರು ಬೈದುಕೊಳ್ಳುತ್ತಾರೆ.

ಈ ವರ್ಷ ಅವಳು ಮತ್ತೆ ಬಂದಿದ್ದಳು. ಎರಡನೆಯದು, ಹತ್ತು ವಾರ. ಹುಡುಗ ಬಸ್ಸಿನ ಟಿಕೆಟ್ಟು ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಿದ್ದ, ಅವ್ವನ ಟಿಕೆಟ್ಟೂ ಅವನ ಹತ್ತಿರವೇ. ಒಮ್ಮೆ ಇಂಥ ಮಗುವಾದವರಿಗೆ ಮತ್ತೆ ಆಗುವ ಸಂಭವ ನೂರಕ್ಕೆ ಒಂದರಷ್ಟು, ಹಾಗಾಗಿ ಎನ್‌ಐಪಿಟಿ ಇದೆ, ನೀರು ತೆಗೆಯುವುದಿದೆ ಎಂದು ಎಲ್ಲವನ್ನೂ ಮುಂದಿಟ್ಟೆ. ಪೂರ್ತಿ ಕೇಳಿದಳು. ಆಮೇಲೆ, ‘ಎದಿ ಅಷ್ಟು ಛಂದಂಗ ನೋಡ್ರಿ ಅಕ್ಕಾ, ಮದ್ಲೇ ಗೊತ್ತಾದ್ರ ದವಾಖಾನಿ ನೋಡ್ಕೋಬೇಕು. ಉಳಿದದ್ದು ನನಗ ಬರ್ತದ’ ಅಂದಳು.

ಹೊಟ್ಟೆಯಲ್ಲಿರುವ ಮಗುವಿನ ಹೃದಯ ಚೆನ್ನಾಗಿ ಕಾಣುವುದು 18ರಿಂದ 22 ವಾರದಲ್ಲಿ. ಪಂಚಾಂಗ ತೆಗೆದು ಎಣಿಸಿದೆ. ‘ನಾಗರಪಂಚಮಿ ಆದ ಮರುವಾರ ಬಾ.’ ‘ಹಬ್ಬದಾಗ ತವರಿಗಿ ಹೋಗಿರ್ತೀನಿ. ಅಲ್ಲಿಂದಾನೇ ಬರ್ತೀನಿ, ಉಂಡಿ ತರ್ತೀನಿ’ ಎಂದು ಚೀಟಿಯನ್ನು ಮಗನ ಕೈಗೆ ಕೊಟ್ಟಳು. ಅವನು ಅದನ್ನೂ ಟಿಕೆಟ್ಟುಗಳ ನಡುವೆ ಇಟ್ಟುಕೊಂಡ.